ಸೀಟಿ ಹೊಡೆದ ಮೇಲೆ ಎಮ್ಮೆಯಾದ ಆಡು

ಫೋನಿನ ಗಾಜಿನ ಮೇಲೆ ತುಪ್ಪದ ಬೆರಳಚ್ಚು ಕಂಡರೆ ಮೊದಲೆಲ್ಲ ನನಗೆ ಮೈ ಉರಿಯುತ್ತಿತ್ತು. ಸೆರಗಿನಿಂದ ಒರೆಸುತ್ತ, ಮುಟ್ಟಿದವರು ಯಾರು ಎಂದು ವಿಚಾರಣೆ ಶುರು ಮಾಡುತ್ತಿದ್ದೆ. ನಮ್ಮ ಸೂರತ್ ಮನೆಯಲ್ಲಿ ಇರುವವರೇ ಇಬ್ಬರು; ಒಬ್ಬಳು ನ್ಯಾಯಾಧೀಶೆಯಾದ ಮೇಲೆ ಅಪರಾಧಿಯನ್ನು ಹುಡುಕುವುದು ಕಷ್ಟವೇನಲ್ಲ. ಈಗ ಅಹಮದಾಬಾದಿನಲ್ಲಿರುವ ಮಗಳ ಮನೆಗೆ ಹೋಗಿ ಬಂದಾಗಿನಿಂದ ನನ್ನ ಫೋನಿನ ನಟ್ಟನಡುವೆ ಪುಟ್ಟ ಬೆರಳಿನ ಅಂಥದೊಂದು ಗುರುತು ಕೂತಿದೆ. ಅದನ್ನು ಕಂಡಾಗಲೆಲ್ಲ ನಾನು ನನ್ನದೇ ವಿಡಿಯೊದ ಎದುರು ಸೋತು ಸುಣ್ಣವಾದ ಕಥೆ ನೆನಪಾಗುತ್ತದೆ. ಯಾರಿಗಾದರೂ ಹೇಳಿಕೊಳ್ಳಬೇಕು, ನೀವು ಸಿಕ್ಕಿದ್ದೀರಿ, ಕೇಳಿ.

ನಾವು ಧಾರವಾಡದವರು. ನಮ್ಮವರ ಬ್ಯಾಂಕು ಅವರನ್ನು ಗುಜರಾತಿಗೆ ಕಳಿಸುವಾಗ ಎರಡು ವರ್ಷದ ಮಾತಷ್ಟೇ ಎಂದಿತ್ತು. ಬ್ಯಾಂಕಿನ ಎರಡು ವರ್ಷ ನನ್ನ ತಲೆಗೂದಲು ಬೆಳ್ಳಗಾಗುವವರೆಗೂ ಮುಗಿಯಲಿಲ್ಲ. ವಡೋದರಾದಲ್ಲಿ ಬಹಳ ಕಾಲ, ಆಮೇಲೆ ಸೂರತ್. ನಿವೃತ್ತಿಯಾದ ಮೇಲಾದರೂ ಮನೆಯಲ್ಲಿ ಕೂರುವರೇ ಎಂದರೆ, ಊರಾಚೆ ಸಚಿನ್ ಎಂಬ ಜಾಗದ ಕಾರ್ಖಾನೆಗಳ ನಡುವೆ ಒಂದು ಬಟ್ಟೆಗೆ ಬಣ್ಣ ಹಾಕುವ ಮಿಲ್ಲಿನ ಲೆಕ್ಕಪತ್ರ ನೋಡಲು ಹೋಗುತ್ತಾರೆ. ಸಂಜೆ ಬರುವಾಗ ಅಂದು ಯಾವ ಬಣ್ಣ ಕುದಿಯಿತೆಂದು ಅವರ ಅಂಗಿಯ ತೋಳು ನೋಡಿ ಹೇಳಬಹುದು.

ಒಬ್ಬಳೇ ಮಗಳು ವಿದ್ಯಾ ಬೆಳೆದದ್ದು ವಡೋದರಾದ ಫತೇಗಂಜ್‌ನಲ್ಲಿ. ಸುತ್ತಲೂ ಕಾಲೇಜು ಹುಡುಗರ ಹಾಸ್ಟೆಲು, ಅವರ ಹೊಟ್ಟೆ ತುಂಬಿಸುವ ಸಣ್ಣ ಸಣ್ಣ ತಿಂಡಿ ಅಂಗಡಿ. ಅವಳ ಕನ್ನಡ ನಮ್ಮ ಹೊಸ್ತಿಲು ದಾಟಲೇ ಇಲ್ಲ. ಉಣ್ಣು, ಏಳು, ಸ್ನಾನ ಮಾಡು, ಅಪ್ಪನಿಗೆ ಹೇಳುತ್ತೇನೆ ನೋಡು, ಇಷ್ಟರೊಳಗೆ ಅವಳ ಮಾತೃಭಾಷೆ ಮುಗಿಯುತ್ತದೆ. ಬೈದರೆ ಕನ್ನಡದಲ್ಲಿ ಅರ್ಥವಾಗುತ್ತದೆ, ಹೊಗಳುವುದಾದರೆ ಗುಜರಾತಿಯಲ್ಲಿ ಹೊಗಳಬೇಕು. ಅಳಿಯ ಪ್ರಸನ್ನ ಮೈಸೂರಿನ ಕಡೆಯವರು. ಅಹಮದಾಬಾದಿನಲ್ಲಿ ಬಾಹ್ಯಾಕಾಶಕ್ಕೆ ಸಂಬಂಧಪಟ್ಟ ಕೇಂದ್ರ ಸರ್ಕಾರದ ಸಂಸ್ಥೆಯಲ್ಲಿ ಕೆಲಸ. ಗಂಡಹೆಂಡತಿ ಕನ್ನಡದಲ್ಲೇ ಮಾತು ಶುರು ಮಾಡುತ್ತಾರೆ. ಎರಡು ವಾಕ್ಯ ಆಗುವುದರೊಳಗೆ ಧಾರವಾಡ ಹೇಳಿದ್ದು ಮೈಸೂರಿಗೆ ತಿಳಿಯದೆ, ಜಗಳ ಯಾಕೆಂದು ಇಬ್ಬರೂ ಹಿಂದಿಗೆ ಹೋಗಿ ಸಂಧಿ ಮಾಡಿಕೊಳ್ಳುತ್ತಾರೆ.

ಇವರ ಮಗಳು ಅನ್ವಿ. ಎರಡೂವರೆ ವರ್ಷದವಳು. ಅವಳ ಬಾಯಲ್ಲಿ ಕನ್ನಡ ಉಳಿಸುವ ಹೊಣೆ ನನ್ನ ಮೇಲೆ ಬಂದದ್ದು ಹೇಗೆಂದು ಹೇಳುತ್ತೇನೆ.

ಅಹಮದಾಬಾದಿನ ವಸ್ತ್ರಾಪುರದಲ್ಲಿರುವ ಅವರ ಮನೆಯಲ್ಲಿ ಮಗು ಹುಟ್ಟಿದ ದಿನವೇ ಒಂದು ಕಾನೂನು ಜಾರಿಯಾಗಿತ್ತು: ಕೂಸಿಗೆ ಪರದೆ ತೋರಿಸಕೂಡದು. ಟಿವಿ ಇಲ್ಲ, ಫೋನಿಲ್ಲ, ಕಂಪ್ಯೂಟರ್ ಇಲ್ಲ. ಹಾಗೆಂದು ತಜ್ಞರು ಹೇಳುವ ಮಾತುಗಳನ್ನು ವಿದ್ಯಾ ಒಂದು ಕೈಯಲ್ಲಿ ಕೂಸನ್ನು, ಇನ್ನೊಂದು ಕೈಯಲ್ಲಿ ಫೋನನ್ನು ಹಿಡಿದು ಹಗಲೆಲ್ಲ ಓದುತ್ತಿದ್ದಳು. ಕಾನೂನು ಇದ್ದಲ್ಲಿ ತಿದ್ದುಪಡಿ ಇರಲೇಬೇಕಲ್ಲ. ಅಜ್ಜಿ ತಾತ ವಿಡಿಯೊ ಕರೆಯಲ್ಲಿ ಬಂದರೆ ಅದು ಪರದೆಯಲ್ಲ ಎಂಬುದು ಮೊದಲನೆಯದು. ಸೂಜಿ ಚುಚ್ಚಿಸಿಕೊಂಡ ದಿನ ಪರದೆಗೆ ರಜೆ ಎಂಬುದು ಎರಡನೆಯದು. ಖಿಚಡಿಯ ಬಟ್ಟಲು ಕಂಡೊಡನೆ ಮಗು ಬಾಯಿಗೆ ಬೀಗ ಹಾಕಲು ಕಲಿತ ಮೇಲೆ ಮೂರನೆಯದು ಬಂತು: ಕನ್ನಡದಲ್ಲಿದ್ದರೆ ಅದು ಸ್ಕ್ರೀನ್ ಅಲ್ಲ, ಸಂಸ್ಕಾರ.

“ಅಮ್ಮಾ, ಒಂದ್ ಸ್ಟೋರಿ ಹೇಳಿ ವಿಡಿಯೊ ಕಳಸ ನಾ,” ಎಂದು ಫೋನು ಬಂತು. “ಪ್ಯೂರ್ ಕನ್ನಡಾ. ಅನ್ವಿ ಊಟದ ಟೈಮಿಗೆ ಹಾಕ್ತೀನಿ.”

“ಫೋನ್ ತೋರಸಬಾರದು ಅಂತ ನೀನ ಹೇಳಿದ್ದಿ ಅಲ್ಲಾ?”

“ಅದು ಕಾರ್ಟೂನಿಗೆ ಅಮ್ಮಾ. ನೀ ಏನ್ ಕಾರ್ಟೂನ್ ಅಲ್ಲಲಾ.”

ಹೆತ್ತ ಮಗಳ ಬಾಯಿಂದ ಇಷ್ಟಾದರೂ ಪ್ರಮಾಣಪತ್ರ ಸಿಕ್ಕಿತಲ್ಲ ಎಂದು ಹಿಗ್ಗಿ ಒಪ್ಪಿಕೊಂಡೆ. ಕಥೆ ಹೇಳುವುದರಲ್ಲಿ ನನಗೆ ನನ್ನದೇ ಆದ ಒಂದಿಷ್ಟು ಜಂಬವಿದೆ, ಮುಚ್ಚಿಡುವುದೇಕೆ. ಓಣಿಯ ಮಕ್ಕಳನ್ನೆಲ್ಲ ಕೂರಿಸಿಕೊಂಡು ಆ ಕ್ಷಣಕ್ಕೆ ಹೊಳೆದ ಕಥೆ ಹೊಸೆದವಳು ನಾನು. ಒಮ್ಮೆ ಹೇಳಿದ್ದನ್ನು ಇನ್ನೊಮ್ಮೆ ಹಾಗೆಯೇ ಹೇಳಿದ್ದಿಲ್ಲ. ಸಾರಿನ ಉಪ್ಪನ್ನೇ ಅಳತೆ ಮಾಡಿ ಹಾಕದವಳು ಕಥೆಯನ್ನು ಅಳತೆ ಮಾಡಿ ಹೇಳುವುದುಂಟೆ?

ಇಳಕಲ್ ಸೀರೆ ಉಟ್ಟು, ತಲೆ ಬಾಚಿ, ಊಟದ ಮೇಜಿನ ಮೇಲೆ ಮಾವಿನ ಉಪ್ಪಿನಕಾಯಿ ಭರಣಿಗೆ ಫೋನು ಒರಗಿಸಿ ಕೂತೆ. ಬುದ್ಧಿ ಇದ್ದವಳು ಮೊದಲು ಬೇಳೆ ಬೇಯಿಸಿ ಆಮೇಲೆ ಕಲಾಸೇವೆಗೆ ಕೂರುತ್ತಾಳೆ. ನಾನು ಕುಕ್ಕರನ್ನು ಒಲೆಯ ಮೇಲಿಟ್ಟೇ ಕೂತೆ. ಒಂದೂರಿನಲ್ಲಿ ಒಂದು ಆಡು. ಅದಕ್ಕೆ ಬಳೆ ಇಟ್ಟುಕೊಳ್ಳುವ ಆಸೆ. ಬಳೆಗಾರನ ಹತ್ತಿರ ಹೋಯಿತು. ಅವನು, “ಕೈ ಎಲ್ಲವ್ವಾ?” ಎಂದ. “ಕೈ ಇಲ್ಲದಿದ್ರೇನಾತು, ಕೋಡು ಅವ ಅಲ್ಲಾ?” ಎಂದಿತು ಆಡು. ಅವನು ಕೋಡಿಗೆ ಹಸಿರು ಬಳೆ ಏರಿಸಿದ. ನನಗೇ ನನ್ನ ಕಲ್ಪನೆಯ ಮೇಲೆ ಪ್ರೀತಿ ಉಕ್ಕುತ್ತಿದ್ದ ಹೊತ್ತಿಗೆ ಕುಕ್ಕರ್ ಸೀಟಿ ಹೊಡೆಯಿತು. ನಾನು ಕ್ಯಾಮರಾದ ಕಡೆಗೇ ಮುಖ ಇಟ್ಟುಕೊಂಡು, “ರೀ, ಗ್ಯಾಸ್ ಬಂದ್ ಮಾಡ್ರಿ!” ಎಂದು ಕೂಗಿದೆ. ಒಳಗಿನಿಂದ ನಮ್ಮವರ ದನಿ ಬಂತು, “ಮಾಡೀನಿ ಮಾರಾಯ್ತಿ!”

ಮುಂದೆ ಆಡು ಗಲಗಲ ಸದ್ದು ಮಾಡುತ್ತ ಮನೆಗೆ ಬಂತು, ಅದರ ಅವ್ವ ಗುರುತು ಸಿಗದೆ, “ಯಾರವ್ವಾ ನೀ?” ಎಂದಳು, “ನಾನ ಅವ್ವಾ” ಎಂದಿತು, ಇಬ್ಬರೂ ಕುಣಿದರು. ಹೀಗೆ ಮುಗಿಸಿ, ವಿಡಿಯೊ ನೋಡದೆಯೇ ಕಳಿಸಿಬಿಟ್ಟೆ. ನನ್ನ ಮುಖವನ್ನು ನಾನೇ ನೋಡಿಕೊಳ್ಳುವ ಚಟ ನನಗಿಲ್ಲ. ಇದ್ದಿದ್ದರೆ ಮುಂದಿನ ಫಜೀತಿ ತಪ್ಪುತ್ತಿತ್ತು.

ವಿಡಿಯೊ ಗೆದ್ದಿತು. ಎಂಥ ಗೆಲುವು ಎಂದರೆ, ಮಗುವಿಗೆ ಬೆಳಿಗ್ಗೆ ದೋಸೆಗೆ ಅದೇ ಬೇಕು, ಮಧ್ಯಾಹ್ನ ಖಿಚಡಿಗೆ ಅದೇ ಬೇಕು, ಸಂಜೆ ಹಾಲಿಗೂ ಅದೇ. ಮುಗಿದೊಡನೆ “ಫರಿ!” ಎನ್ನುತ್ತಾಳಂತೆ. ಗುಜರಾತಿಯಲ್ಲಿ ಮತ್ತೊಮ್ಮೆ ಎಂದು ಹೇಳುವ ಮಾತಿನ ಅರ್ಧ ಅದು. ಉಳಿದರ್ಧ ಹೇಳುವಷ್ಟು ತಾಳ್ಮೆ ಅವಳಿಗಿಲ್ಲ. ನಾನು ಈ ಸುದ್ದಿಯನ್ನು ಸೂರತ್‌ನಲ್ಲಿ ತರಕಾರಿಯವಳಿಗೂ ಹೇಳಿದೆ, ಧಾರವಾಡದ ತಂಗಿಗೂ ಹೇಳಿದೆ. ನೋಡಿದ್ದನ್ನೇ ನೋಡಿದರೆ ಮಗುವಿನ ಬುದ್ಧಿ ಮಂಕಾಗುವುದಿಲ್ಲವೇನೆ ಎಂದಳು ತಂಗಿ. ನನ್ನನ್ನು ನೋಡಿದರೆ ಹೇಗೆ ಮಂಕಾಗುತ್ತದೆ ಎಂದು ಒಂದು ವಾರ ಅವಳ ಫೋನು ಎತ್ತಲಿಲ್ಲ.

ಅಷ್ಟಕ್ಕೂ ಮಕ್ಕಳನ್ನು ಆಡಿಕೊಳ್ಳುವ ನಾವೇನು ದಿನಕ್ಕೊಂದು ಹೊಸದು ನೋಡುವವರೇ? ನಮ್ಮವರು ಸಂಜೆ ಏಳಕ್ಕೆ ಸುದ್ದಿ ನೋಡುತ್ತಾರೆ. ಎಂಟಕ್ಕೆ ಅದೇ ಸುದ್ದಿ ಇನ್ನೊಂದು ಚಾನೆಲಿನಲ್ಲಿ. ಒಂಬತ್ತಕ್ಕೆ ಅದೇ ನಾಲ್ವರು ಅದೇ ವಿಷಯಕ್ಕೆ ಅದೇ ಕೂಗಾಟ ಕೂಗುವಾಗ, “ಶ್, ಈಗ ಮಜಾ ಅದ ನೋಡು,” ಎಂದು ಮುಂದಕ್ಕೆ ಸರಿದು ಕೂರುತ್ತಾರೆ. ಭರೂಚ್ ಶಾಖೆಯಲ್ಲಿ ಮ್ಯಾನೇಜರನ ಕುರ್ಚಿಯ ಕೆಳಗೆ ಹಾವು ಬಂದ ಕಥೆಯನ್ನು ಅವರು ಹೇಳಲು ಶುರು ಮಾಡಿದರೆ ಹಾವು ಸಹ ಬೇಸತ್ತು ಹೊರಟುಹೋದೀತು. ನಾನಾದರೋ ಧಾರಾವಾಹಿಯಲ್ಲಿ ಸೊಸೆ ಅಳುವುದನ್ನು ಸಂಜೆ ನೋಡಿ, ಮರುದಿನ ಮಧ್ಯಾಹ್ನ ಮರುಪ್ರಸಾರದಲ್ಲಿ ಅವಳೊಂದಿಗೆ ಮತ್ತೊಮ್ಮೆ ಅಳುವವಳು. ನಮಗೆ ಯಾವ ತಜ್ಞರೂ ಇಷ್ಟು ಹೊತ್ತು ಮಾತ್ರ ನೋಡಿ ಎಂದು ಹೇಳಲಿಲ್ಲ, ಯಾಕೆಂದರೆ ನಮ್ಮ ಬುದ್ಧಿ ಬೆಳೆಯುವ ಕಾಲ ಮುಗಿಯಿತು ಎಂದು ಅವರಿಗೂ ಗೊತ್ತು.

ಚಿಕ್ಕಂದಿನಲ್ಲಿ ನಮ್ಮ ಪಕ್ಕದ ಮನೆಯ ವಕೀಲರಲ್ಲಿ ಒಂದು ಹಳೆಯ ಗ್ರಾಮಫೋನು ಇತ್ತು. ಹಾಡುಗಳು ಹಲವಿದ್ದರೂ ಮಕ್ಕಳಿಗೆ ಹಾಕುತ್ತಿದ್ದುದು ಒಂದೇ ತಟ್ಟೆ, ಯಾಕೆಂದರೆ ಅದಕ್ಕೆ ಗೀರು ಬಿದ್ದಿತ್ತು, ಕೆಟ್ಟರೂ ನಷ್ಟವಿಲ್ಲ. ಹಾಡಿನ ನಡುವೆ ಮುಳ್ಳು ಗೀರಿಗೆ ಸಿಕ್ಕು, ಹಾಡುವಾಕೆ ಒಂದೇ ಅಕ್ಷರವನ್ನು ಬಿಕ್ಕಳಿಕೆ ಬಂದವಳಂತೆ ಹೇಳುತ್ತಲೇ ಇರುತ್ತಿದ್ದಳು. ವಕೀಲರ ಹೆಂಡತಿ ಅಡಿಗೆಮನೆಯಿಂದ ಕೈ ಒರೆಸುತ್ತ ಬಂದು ಪೆಟ್ಟಿಗೆಗೆ ಒಂದು ಗುದ್ದು ಕೊಟ್ಟರೆ ಹಾಡು ಮುಂದೆ ಹೋಗುತ್ತಿತ್ತು. ನಮಗೆ ಹಾಡೆಂದರೆ ಅದೇ: ಬಿಕ್ಕಳಿಕೆ, ವಕೀಲರ ಹೆಂಡತಿಯ ಬಳೆಯ ಸದ್ದು, ಗುದ್ದು, ಮುಂದಿನ ಸಾಲು. ಮುಂದೆ ಯಾವುದೋ ಮದುವೆಯಲ್ಲಿ ಅದೇ ಹಾಡನ್ನು ಯಾರೋ ಎಡವದೆ ಹಾಡಿದಾಗ, ಇವರಿಗೆ ಹಾಡು ಪೂರ್ತಿ ಬರುವುದಿಲ್ಲ ಎಂದು ನಾನೂ ತಂಗಿಯೂ ನಕ್ಕೆವು. ಇಷ್ಟೆಲ್ಲ ಗೊತ್ತಿದ್ದವಳಿಗೆ ಮೊಮ್ಮಗಳ ವಿಷಯದಲ್ಲಿ ಬುದ್ಧಿ ಹೊಳೆಯಲಿಲ್ಲ, ನೋಡಿ.

ಚಳಿ ಕಡಿಮೆಯಾದ ಮೇಲೆ ಇಬ್ಬರೂ ಅಹಮದಾಬಾದಿಗೆ ಹೊರಟೆವು. ಮಗು ನಡೆಯಲು ಕಲಿತ ಮೇಲೆ ನಾವು ಹೋಗುತ್ತಿರುವುದು ಅದೇ ಮೊದಲು. ಮಿಲ್ಲಿನ ಲೆಕ್ಕ, ನನ್ನ ಮೊಣಕಾಲು, ಅವರ ಆಫೀಸು ಎಂದು ಪ್ರತಿ ಸಲ ಏನಾದರೊಂದು ಅಡ್ಡ ಬರುತ್ತಿತ್ತು. ಮಗು ನನ್ನನ್ನು ಕಂಡೊಡನೆ ಗುರುತಿಸಲೆಂದು ವಿಡಿಯೊದಲ್ಲಿ ಉಟ್ಟ ಇಳಕಲ್ ಸೀರೆಯನ್ನೇ ಉಟ್ಟುಕೊಂಡೆ. ರೈಲಿನಲ್ಲಿ ಸೀರೆ ಮುದುಡಬಾರದೆಂದು ವಡೋದರಾವರೆಗೂ ಕಡ್ಡಿಯಂತೆ ಕೂತಿದ್ದೆ. ಅವಳು ಓಡಿ ಬಂದು ಕೊರಳಿಗೆ ಬೀಳುತ್ತಾಳೆ, ನಾನು ಅಳುತ್ತೇನೆ, ವಿದ್ಯಾ ಫೋಟೊ ತೆಗೆಯುತ್ತಾಳೆ, ಇಷ್ಟು ಮನಸ್ಸಿನಲ್ಲಿ ಸಿದ್ಧವಾಗಿತ್ತು.

ಬಾಗಿಲು ತೆರೆಯಿತು. ಅನ್ವಿ ಅಮ್ಮನ ಕಾಲಿನ ಹಿಂದಿನಿಂದ ಇಣುಕಿದಳು. “ಬಾ ಪುಟ್ಟಿ, ಅಜ್ಜಿ ಬಂದೀನಿ,” ಎಂದು ಕೈ ಚಾಚಿದೆ. ಅವಳು ನನ್ನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಒಳಗೆ ಓಡಿದಳು. ಫೋನು ತಂದು ನನ್ನ ಮೂಗಿನ ಹತ್ತಿರ ಹಿಡಿದು, ತಪ್ಪು ವಿಳಾಸಕ್ಕೆ ಬಂದವರಿಗೆ ತಿಳಿಸಿ ಹೇಳುವ ದನಿಯಲ್ಲಿ, “ಅಜ್ಜಿ,” ಎಂದು ಗಾಜನ್ನು ತೋರಿಸಿದಳು.

ನನ್ನ ಹಿಂದೆ ನಮ್ಮವರು ಎರಡು ಚೀಲ ಹೊತ್ತು ಏದುಸಿರು ಬಿಡುತ್ತ ಲಿಫ್ಟಿನಿಂದ ಹೊರಬರುತ್ತಿದ್ದರು. ಅವಮಾನ ಮುಚ್ಚಿಕೊಳ್ಳಲು ಯಾರ ಮೇಲಾದರೂ ರೇಗಬೇಕಲ್ಲ, “ರೀ, ಲಿಫ್ಟಿನ ಬಾಗಲಾ ಬಂದ್ ಮಾಡ್ರಿ!” ಎಂದೆ.

“ಮಾಡೀನಿ ಮಾರಾಯ್ತಿ!”

ಅನ್ವಿಯ ಕಣ್ಣು ಅರಳಿತು. “ಮಾಡೀನಿ!” ಎಂದು ಕಿರುಚಿ, ನನ್ನ ಪಕ್ಕದಿಂದ ನುಗ್ಗಿ ಹೋಗಿ ಅವರ ಎರಡೂ ಕಾಲು ತಬ್ಬಿಕೊಂಡಳು. ಅವರ ಕೈಯ ಚೀಲ ಕೆಳಗೆ ಬಿತ್ತು. ಇಡೀ ವಿಡಿಯೊದಲ್ಲಿ ಮುಖ ತೋರಿಸದೆ, ಒಳಕೋಣೆಯಲ್ಲಿ ಪೇಪರ್ ಓದುತ್ತ ಕೂತು, ಒಂದೇ ಒಂದು ಮಾತು ಹೇಳಿದ ಮನುಷ್ಯ ಆ ಮನೆಯ ತಾರೆಯಾಗಿದ್ದ. ಅವರು ಆ ದಿನವೆಲ್ಲ ಅದೊಂದೇ ಮಾತನ್ನು ಹೇಳುತ್ತ ಚಪ್ಪಾಳೆ ಗಿಟ್ಟಿಸಿದರು. ಮಧ್ಯಾಹ್ನ ನನಗೆ, “ಅಭಿನಯಾ ಅಂದ್ರ ಮಾತು ಕಮ್ಮಿ ಇರ್ಬೇಕು ನೋಡು,” ಎಂದು ಪಾಠ ಬೇರೆ ಹೇಳಿದರು.

ನಗುವ ವಿಷಯವೇ, ನಾನೂ ನಕ್ಕೆ. ಆದರೆ ಸ್ನಾನದ ಮನೆಗೆ ಹೋಗಿ ನಲ್ಲಿ ಬಿಟ್ಟುಕೊಂಡು ಸ್ವಲ್ಪ ಅತ್ತೆ ಕೂಡ. ನನಗೆ ಬೇಕಾದದ್ದು ದೊಡ್ಡದೇನೂ ಅಲ್ಲ. ಒಂದೇ ಒಂದು ಮೊಮ್ಮಗಳು ಗಾಜಿನ ಆಚೆಗಿರುವವಳನ್ನಲ್ಲ, ಈಚೆಗಿರುವ ನನ್ನನ್ನು ಅಜ್ಜಿ ಎನ್ನಬೇಕು. ನಾವಲ್ಲಿ ಇರುವುದೇ ಒಂದು ವಾರ. ಅಷ್ಟರೊಳಗೆ ಆಗದಿದ್ದರೆ ನಾನು ಸೂರತ್‌ಗೆ ಹೋಗಿ ಮತ್ತೆ ಭರಣಿಗೆ ಒರಗಿದ ಫೋನಿನ ಮುಂದೆ ಕೂರುವವಳು, ಅಷ್ಟೇ.

ಸಂಜೆ ಕಥೆಯನ್ನು ಎದುರೆದುರೇ ಹೇಳಿ ಗೆಲ್ಲುತ್ತೇನೆಂದು ಖಿಚಡಿಯ ಬಟ್ಟಲು ಹಿಡಿದು ಕೂತೆ. ಆಡಿಗೆ ಆಸೆಯಾಯಿತು, ಬಳೆಗಾರ ಬಂದ, ಕೋಡಿಗೆ ಬಳೆ ಏರಿತು. ಮಗು ಬಾಯಿ ತೆರೆದು ತುತ್ತು ತೆಗೆದುಕೊಳ್ಳುತ್ತಿತ್ತು. ನಾನು ವಿದ್ಯಾಳ ಕಡೆ ನೋಡಿ ಹುಬ್ಬು ಹಾರಿಸಿದೆ.

“ಸೀಟಿ?” ಎಂದಳು ಅನ್ವಿ.

“ಸೀಟಿ ಯಾಕ ಪುಟ್ಟಿ? ಆಡು ಮನಿಗೆ ಬಂತು...”

“ಎಮ್ಮಿ!”

“ಎಮ್ಮಿ ಅಲ್ಲವ್ವಾ, ಆಡು.”

“ಎಮ್ಮೀ!” ಎಂದವಳೇ ಬಾಯಲ್ಲಿದ್ದ ಖಿಚಡಿಯನ್ನು ನನ್ನ ಇಳಕಲ್ ಸೀರೆಯ ಮೇಲೆ ಉಗುಳಿ, ಅಳಲು ಶುರು ಮಾಡಿದಳು.

“ಅಮ್ಮಾ, ನೀ ತಪ್ಪ್ ಹೇಳ್ಲಿಕ್ಹತ್ತಿ,” ಎಂದಳು ವಿದ್ಯಾ.

“ನನ್ನ ಕಥಿ ನಾನ ತಪ್ಪ್ ಹೇಳ್ತೀನೇನ?”

ಸಾಕ್ಷಿಗೆಂದು ಎಲ್ಲರೂ ಕೂಡಿ ವಿಡಿಯೊ ಹಾಕಿದೆವು. ನಾನು ಅದನ್ನು ನೋಡಿದ್ದು ಅದೇ ಮೊದಲು. ಆಡಿನ ಕೋಡಿಗೆ ಬಳೆ ಏರುವವರೆಗೆ ಎಲ್ಲ ಸರಿಯಾಗಿತ್ತು. ಸೀಟಿ ಹೊಡೆಯಿತು, ಗ್ಯಾಸ್ ಬಂದ್ ಮಾಡಲು ನಾನು ಕೂಗಿದೆ, ಅವರು ಮಾಡೀನಿ ಎಂದರು. ಗಾಜಿನೊಳಗಿನ ನಾನು ಕೆಮ್ಮಿ, “ಹಾಂ, ಎಲ್ಲಿದ್ವಿ? ಎಮ್ಮಿ ಮನಿಗೆ ಹೊಂಟಿತ್ತು,” ಎಂದೆ. ಅಲ್ಲಿಂದ ಕೊನೆಯವರೆಗೆ ಎಮ್ಮೆಯೇ. ಆ ದಿನ ಬೆಳಿಗ್ಗೆ ಹಾಲಿನವನೊಂದಿಗೆ ಎಮ್ಮೆಯ ಹಾಲಿಗೆ ನೀರು ಬೆರೆಸಿದ್ದಕ್ಕೆ ಜಗಳವಾಡಿದ್ದೆ. ಎಮ್ಮೆ ತಲೆಯಲ್ಲೇ ಉಳಿದಿತ್ತು. ಆಡನ್ನು ಹೆತ್ತ ತಾಯಿ ಬಾಗಿಲಲ್ಲಿ ನಿಂತ ಎಮ್ಮೆಯನ್ನು ಮಗಳೆಂದು ಒಪ್ಪಿ, ಒಳಗೆ ಕರೆದು, ಕುಣಿದೂ ಇದ್ದಳು. ಅಷ್ಟು ದೊಡ್ಡ ಮನಸ್ಸಿನ ತಾಯಿಯನ್ನು ನಾನು ಬೇಕೆಂದು ಕೂತರೂ ಸೃಷ್ಟಿಸುತ್ತಿರಲಿಲ್ಲ.

“ಇಷ್ಟು ದಿನಾ ನೋಡಿದ್ರಿ, ಒಬ್ರಿಗೂ ತಿಳೀಲಿಲ್ಲೇನ?” ಎಂದೆ.

“ನಂಗ ಅದು ಮ್ಯಾಜಿಕ್ ಇರ್ಬೇಕು ಅನಿಸ್ತು ಅಮ್ಮಾ,” ಎಂದಳು ವಿದ್ಯಾ.

ಪ್ರಸನ್ನ ಸಂಕೋಚದಿಂದ, “ನಾನು ಅದು ಉತ್ತರ ಕರ್ನಾಟಕದ ಜಾನಪದ ಅಂದ್ಕೊಂಡಿದ್ದೆ ಅತ್ತೆ,” ಎಂದರು.

ಮಗುವಿನ ಲೋಕದಲ್ಲಿ ಕುಕ್ಕರ್ ಸೀಟಿ ಹೊಡೆದರೆ ಆಡು ಎಮ್ಮೆಯಾಗುತ್ತದೆ. ಆಗ ನೆನಪಾಯಿತು, ಬಿಲ್ಡಿಂಗಿನಲ್ಲಿ ಯಾರದೇ ಮನೆಯ ಸೀಟಿ ಕೇಳಿದರೂ ಅವಳು ಬಾಲ್ಕನಿಗೆ ಓಡುತ್ತಾಳೆ ಎಂದು ವಿದ್ಯಾ ಹೇಳಿದ್ದಳು. ರಸ್ತೆಯಲ್ಲಿ ನಿಂತ ಪ್ರಾಣಿಗಳಲ್ಲಿ ಏನಾದರೂ ಬದಲಾವಣೆಯಾಯಿತೇ ಎಂದು ಪಾಪ ನೋಡಿಬರುತ್ತಿದ್ದಳು. ಗುಜರಾತಿನ ಅಡಿಗೆಮನೆಗಳಲ್ಲಿ ಹನ್ನೊಂದು ಗಂಟೆಗೆ ಎಷ್ಟು ದಾಲ್ ಬೇಯುತ್ತದೆಂದು ನಿಮಗೆ ಗೊತ್ತಲ್ಲ.

ಇಲ್ಲಿ ವಿಜ್ಞಾನ ಕೈ ಹಾಕಿತು. ಮುಂದೇನು ಬರುತ್ತದೆಂದು ಮೊದಲೇ ಗೊತ್ತಿರುವುದೇ ಮಕ್ಕಳಿಗೆ ಸುಖ ಎಂದು ಪ್ರಸನ್ನ ಊಟದ ಮೇಜಿನಲ್ಲಿ ಬಹಳ ಹೊತ್ತು ವಿವರಿಸಿದರು. ವಿವರಿಸಿದ ಮೇಲೆ, ತಾವೇ ಹೇಳಿದ್ದನ್ನು ಬದಿಗಿಟ್ಟು, ವಿಡಿಯೊ ತಿದ್ದಿದರು. ಸೀಟಿ ಕತ್ತರಿಸಿದರು, ನಮ್ಮವರನ್ನು ಕತ್ತರಿಸಿದರು, ನನ್ನ ಕೆಮ್ಮು ತೆಗೆದರು, ಮೊದಲರ್ಧದ ಆಡುಗಳನ್ನು ಎತ್ತಿ ಎರಡನೆಯ ಅರ್ಧದ ಎಮ್ಮೆಗಳ ಮೇಲೆ ಕೂರಿಸಿದರು. “ಅತ್ತೆ, ಈಗ ಒಂದು ತಪ್ಪೂ ಇಲ್ಲ,” ಎಂದರು. ಮಗು ಸೀಟಿಯ ಜಾಗದವರೆಗೆ ನೋಡಿತು. ಫೋನನ್ನು ಅಲ್ಲಾಡಿಸಿತು. ನೆಲಕ್ಕೆ ಕುಟ್ಟಿತು. ಆಮೇಲೆ ಕೆಟ್ಟ ಸಾಮಾನು ಕೊಟ್ಟ ಅಂಗಡಿಯವನನ್ನು ನೋಡುವಂತೆ ಅಪ್ಪನನ್ನು ನೋಡಿ ಗೊಳೋ ಎಂದಿತು. ಪ್ರಸನ್ನರ ಕೆಲಸದಲ್ಲಿ ಒಮ್ಮೆ ಮೇಲೆ ಕಳಿಸಿದ್ದನ್ನು ವಾಪಸು ಕರೆಸುವ ಪದ್ಧತಿ ಇಲ್ಲವಂತೆ. ಇಲ್ಲಿ ಅರ್ಧ ಗಂಟೆಯಲ್ಲಿ ಕರೆಸಬೇಕಾಯಿತು.

ಇನ್ನು ಉಳಿದ ದಾರಿ ಒಂದೇ. ವಿಡಿಯೊದೊಳಗಿನವಳು ನನ್ನಂತಾಗುವುದಿಲ್ಲ ಎಂದ ಮೇಲೆ ನಾನೇ ಅವಳಂತಾಗಬೇಕು. ಅರವತ್ತು ದಾಟಿದ ಮೇಲೆ ನನ್ನದೇ ಪಾತ್ರವನ್ನು ಬಾಯಿಪಾಠ ಮಾಡಲು ಕೂತೆ. ನಾನು ಎಲ್ಲಿ ಮೂಗು ಒರೆಸುತ್ತೇನೆ, ಎಲ್ಲಿ ಸೆರಗು ಎಳೆಯುತ್ತೇನೆ, ಎಷ್ಟು ಕೆಟ್ಟದಾಗಿ ಆಡಿನ ದನಿ ತೆಗೆಯುತ್ತೇನೆ, ಎಲ್ಲ ನನ್ನ ಫೋನಿನಲ್ಲಿ ನೋಡಿ ಕಲಿತೆ. ನಡುನಡುವೆ ಅನ್ವಿ ತುಪ್ಪದ ಕೈಯಲ್ಲೇ ಬಂದು ಅದಕ್ಕೂ ಒಂದು ಬೆರಳು ಒತ್ತಿ ಹೋಗುತ್ತಿದ್ದಳು. ಮಾತು ಮಾತಿಗೆ “ತಿಳೀತಿಲ್ಲೋ?” ಎನ್ನುವ ಹೆಂಗಸನ್ನು ಇಷ್ಟು ವರ್ಷ ಸಹಿಸಿದ ನಮ್ಮವರ ಮೇಲೆ ಗೌರವ ಹುಟ್ಟಿತು. ಆ ಗೌರವವನ್ನು ಅವರಿಗೆ ತಿಳಿಸಲಿಲ್ಲ.

ನಿಜವಾದ ಸೀಟಿಯೂ ಬೇಕಲ್ಲ. ನಮ್ಮವರನ್ನು ಅಡಿಗೆಮನೆಯಲ್ಲಿ ಕುಕ್ಕರಿನ ಪಕ್ಕ ನಿಲ್ಲಿಸಿ, ನಾನು ನಡುಮನೆಯಲ್ಲಿ ಮಗುವಿನ ಎದುರು ಕೂತೆ. “ಒಂದೂರಾಗ ಒಂದು ಆಡಿತ್ತು,” ಎಂದೆ. ಅಷ್ಟಕ್ಕೇ ಪಕ್ಕದ ಮನೆಯ ಹಂಸಾಬೆನ್ ಅವರ ಕುಕ್ಕರ್ ಗೋಡೆಯಾಚೆ ಕೂಗಿಬಿಟ್ಟಿತು. ಬಳೆಯ ಆಸೆ ಹುಟ್ಟುವ ಮೊದಲೇ ಆಡು ಎಮ್ಮೆಯಾಯಿತು. ನಾನು ಧೈರ್ಯ ಬಿಡದೆ ಎಮ್ಮೆಯನ್ನೇ ಬಳೆಗಾರನ ಹತ್ತಿರ ಕರೆದೊಯ್ದೆ. ಕೋಡಿಗೆ ಬಳೆ ಏರುವಾಗ ನಮ್ಮ ಕುಕ್ಕರ್ ಹೊಡೆಯಿತು. ಆಡು ಎಮ್ಮೆಯಾದರೆ, ಎಮ್ಮೆ ಏನಾಗಬೇಕು? ಅನ್ವಿ ಉತ್ತರಕ್ಕಾಗಿ ನನ್ನ ಬಾಯನ್ನೇ ನೋಡುತ್ತಿದ್ದಳು. ಒಳಗಿನಿಂದ ನಮ್ಮವರು, ಯಾರೂ ಕೇಳದಿದ್ದರೂ, “ಮಾಡೀನಿ ಮಾರಾಯ್ತಿ!” ಎಂದು ಎರಡು ಸಲ ಕೂಗಿದರು. ಗದ್ದಲ ಕೇಳಿ ಹಂಸಾಬೆನ್ ಒಂದು ತಟ್ಟೆ ಢೋಕ್ಲಾ ಹಿಡಿದು, “ಶು ಥಯು, ಬೆನ್?” ಎನ್ನುತ್ತ ಬಂದರು. ಆದದ್ದೇನೆಂದು ವಿದ್ಯಾ ವಿವರಿಸಿದಳು. ಒಳ್ಳೆಯ ಹೆಂಗಸು, ನಗಲಿಲ್ಲ. ಮರುದಿನದಿಂದ ಒಲೆ ಹಚ್ಚುವ ಮೊದಲು ಫೋನು ಮಾಡಿ, “ದಾಳ್ ಮೂಕು?” ಎಂದು, ಬೇಳೆ ಇಡಲೇ ಎಂದು, ನನ್ನ ಅಪ್ಪಣೆ ಕೇಳತೊಡಗಿದರು. ಅವರು ಬೇಳೆ ಇಡಲು ಕಾಯುತ್ತಿದ್ದರು, ಬೇಳೆಗಾಗಿ ಅವರ ಯಜಮಾನರು ಕಾಯುತ್ತಿದ್ದರು.

ನಾಲ್ಕೈದು ದಿನಗಳಲ್ಲಿ ನಾನು ಪಳಗಿದೆ. ಮಗು ನನ್ನಿಂದ ತುತ್ತು ತೆಗೆದುಕೊಳ್ಳತೊಡಗಿತು. ಆದರೆ ಕಥೆ ಮುಗಿದೊಡನೆ “ಫರಿ!” ಎಂದು ನನ್ನ ಎದೆಯ ನಡುವೆ ಬೆರಳಿನಿಂದ ಒತ್ತುವುದು, ಬೇಡವಾದಾಗ ಕೆನ್ನೆಯ ಮೇಲೆ ಕೈ ಆಡಿಸಿ ನನ್ನನ್ನು ಪಕ್ಕಕ್ಕೆ ಸರಿಸುವುದು. ಸ್ವಲ್ಪ ಬೇರೆ ದನಿ ತೆಗೆದರೂ ಅಳು. ಕೆಮ್ಮು ಮರೆತರೆ ತಾನೇ ಕೆಮ್ಮಿ ತೋರಿಸಿ ತಿದ್ದುತ್ತಿದ್ದಳು. ವಿಡಿಯೊ ಚೆನ್ನಾಗಿ ನಡೆಯುತ್ತಿದೆ ಎಂದು ಎಲ್ಲರಿಗೂ ಸಂತೋಷ. ಅದಕ್ಕೆ ಉಸಿರಿದೆ, ಮೊಣಕಾಲು ನೋವಿದೆ ಎಂಬುದು ಮಾತ್ರ ನೋಡುವವಳಿಗೆ ತಿಳಿದಿರಲಿಲ್ಲ.

ಹೊರಡುವ ಹಿಂದಿನ ದಿನ ನಸುಕಿನಲ್ಲೇ ಎದ್ದು ಚಕ್ಕುಲಿ ಕರಿದಿದ್ದೆ. ಮಧ್ಯಾಹ್ನ ಸೊಂಟ ಹಿಡಿದು ಹೋಗಿತ್ತು. ವಿದ್ಯಾ ಒಳಗಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದಳು, ಫೋನುಗಳೆರಡೂ ಅವಳ ಹತ್ತಿರವೇ. ನಮ್ಮವರು ನಡುಮನೆಯಲ್ಲಿ ಗೊರಕೆ ಹೊಡೆಯುತ್ತಿದ್ದರು. ಕಿಟಕಿಯ ಪರದೆ ಎಳೆದು, ಫ್ಯಾನು ಹಾಕಿ ಚಾಪೆಯ ಮೇಲೆ ಅಡ್ಡಾದೆ. ಫೋನು ಸಿಗದೆ ಅಲೆಯುತ್ತಿದ್ದ ಅನ್ವಿ ಬಂದು ಪಕ್ಕದಲ್ಲಿ ಮಲಗಿ, ಎದೆಗೆ ಬೆರಳು ಒತ್ತಿದಳು. ಶುರು ಮಾಡಿದೆ. ಆಡಿಗೆ ಆಸೆಯಾಯಿತು ಎನ್ನುವಷ್ಟು ನೆನಪಿದೆ. ಬಳೆಗಾರ ಬಂದನೋ ಇಲ್ಲವೋ, ನನಗೆ ನಿದ್ದೆ ಬಂತು. ಗಾಜಿನೊಳಗಿನವಳು ಒಮ್ಮೆಯೂ ಮಾಡದ ತಪ್ಪು ಅದು.

ಎಚ್ಚರವಾದದ್ದು ಒಂದು ಪುಟ್ಟ ದನಿಗೆ. ಕಿವಿಯ ಹತ್ತಿರವೇ ಯಾರೋ ಮಾತಾಡುತ್ತಿದ್ದರು. “ಕೈ ಎಲ್ಲವ್ವಾ? ಕೋಡು ಅವ ಅಲ್ಲಾ? ತಿಳೀತಿಲ್ಲೋ?” ಮಾತು ತೊದಲು, ಆದರೆ ದನಿಯ ಏರಿಳಿತ ಅಚ್ಚ ಧಾರವಾಡದ್ದು. ನಮ್ಮ ವಿದ್ಯಾಳಿಗೂ ಬಾರದ್ದು. ಹಸಿರು ಬಳೆ ಒಂದು ಕೋಡಿಗೆ ಏರಿತು, ಇನ್ನೊಂದಕ್ಕೂ ಏರಿತು. ಇನ್ನು ಸೀಟಿ ಎಂದು ನಾನಂದುಕೊಂಡೆ. ಅವಳು ಕೂಗುತ್ತಾಳೆ, ನಾನು ಎದ್ದಂತೆ ಮಾಡಿದರಾಯಿತು ಎಂದು ಕಣ್ಣು ಮುಚ್ಚಿಯೇ ಕಾದೆ.

ಅವಳು ಉಸಿರು ಎಳೆದುಕೊಂಡದ್ದು ಕೇಳಿಸಿತು. ಖಿಚಡಿಯ ವಾಸನೆಯ ಒಂದು ಅಂಗೈ ನನ್ನ ಕೆನ್ನೆಯ ಮೇಲೆ ಬಂದು ಕೂತಿತು. ಸರಿಸಲಿಲ್ಲ, ಒತ್ತಲೂ ಇಲ್ಲ, ಹಾಗೇ ಇತ್ತು.

“ಶ್ಶ್,” ಎಂದಳು, ಯಾರಿಗೋ. “ಸೀಟಿ ಬ್ಯಾಡ. ಅಜ್ಜಿ ಮಲ್ಕೊಂಡಾಳ.”

ಸೀಟಿ ಹೊಡೆಯಲಿಲ್ಲ. ಎಮ್ಮೆ ಬರಲಿಲ್ಲ. ಆಡು ಬಳೆ ಸದ್ದಾಗದಂತೆ ಮೆಲ್ಲಗೆ ನಡೆಯುತ್ತ ಆಡಾಗಿಯೇ ಮನೆಗೆ ಹೊರಟಿತು. ಅದು ಅವ್ವನನ್ನು ಸೇರುವವರೆಗೆ ನಾನು ಕಣ್ಣು ತೆರೆಯಲಿಲ್ಲ.